ಗಡಿಯಾರ ಇದ್ದರೆ ಆಟ, ತೀರ್ಪುಗಾರ ಇದ್ದರೆ ಬರೀ ಪ್ರದರ್ಶನವೇ?

ಪ್ರಶ್ನೆ: ನಾನು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದೇನೆ. ಊರು ಮೈಸೂರು. ಇಲ್ಲಿಗೆ ಬಂದ ಮೇಲೆ ಸೈಕ್ಲೋಕ್ರಾಸ್, ಅಂದರೆ ಕೆಸರು ದಾರಿಯ ಸೈಕಲ್ ರೇಸ್‌ನ ಹುಚ್ಚು ಹಿಡಿಯಿತು. ಚಳಿಗಾಲದ ಭಾನುವಾರಗಳಲ್ಲಿ ಹವ್ಯಾಸಿ ವಿಭಾಗದಲ್ಲಿ ರೇಸ್ ಮಾಡುತ್ತೇನೆ. ನಮ್ಮ ಆಟದಲ್ಲಿ ಯಾರು ಮೊದಲು ಗೆರೆ ದಾಟುತ್ತಾರೋ ಅವರು ಗೆದ್ದರು, ಮುಗಿಯಿತು. ಆದರೂ ಅದಕ್ಕೆ ಒಲಿಂಪಿಕ್ಸ್‌ನಲ್ಲಿ ಜಾಗ ಇಲ್ಲ. ಫಿಗರ್ ಸ್ಕೇಟಿಂಗ್, ಜಿಮ್ನಾಸ್ಟಿಕ್ಸ್, ಬ್ರೇಕ್‌ಡಾನ್ಸ್‌ಗೆಲ್ಲ ಜಾಗ ಸಿಕ್ಕಿದೆ. ಯಾರೋ ಕುಳಿತು ಅಂಕ ಕೊಡುವ ಆಟಗಳು ಅಂತರರಾಷ್ಟ್ರೀಯ ಕೂಟದಲ್ಲಿ ಇರಬೇಕಾ? ಅಕ್ಕನ ಮಗಳು ಯೋಗಾಸನ ಸ್ಪರ್ಧೆಗಳಿಗೆ ಹೋಗುತ್ತಾಳೆ. ಈ ಮಾತು ಬಂದಾಗಲೆಲ್ಲ ಫೋನಿನಲ್ಲೇ ಜಗಳ. ಇನ್ನೊಂದು ವಿಷಯ. ಹೋದ ರೇಸ್‌ನಲ್ಲಿ ಇನ್ನೂ ಎರಡು ಸುತ್ತು ಬಾಕಿ ಇರುವಾಗಲೇ ಅಧಿಕಾರಿಯೊಬ್ಬರು ಕೈ ತೋರಿಸಿ ನನ್ನನ್ನು ಹೊರಗೆ ಕಳಿಸಿದರು. ನನ್ನ ಕಾಲಲ್ಲಿ ಇನ್ನೂ ಕಸುವಿತ್ತು. ಇದು ನ್ಯಾಯವೇ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲುಗಳು ಮೊದಲಿನ ವಾದವನ್ನೇ ಅಲ್ಲಾಡಿಸುತ್ತಿವೆ, ಅಲ್ವಾ? ಗೆರೆ ದಾಟಿದವರು ಗೆದ್ದರು, ಮುಗಿಯಿತು ಅಂತೀರಿ. ಆದರೆ ನಿಮಗೆ ಗೆರೆ ದಾಟುವ ಅವಕಾಶವೇ ಸಿಗಲಿಲ್ಲ. ಒಬ್ಬ ಮನುಷ್ಯ ಕೈ ತೋರಿಸಿದ, ನಿಮ್ಮ ರೇಸ್ ಮುಗಿಯಿತು.

ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಂಕ ಕೊಡುವ ಆಟಗಳು ಅಂತರರಾಷ್ಟ್ರೀಯ ಕೂಟದಲ್ಲಿ ಇರಲಿ. ಆದರೆ ಎಲ್ಲವೂ ಅಲ್ಲ. ತೀರ್ಪುಗಾರರನ್ನು ಯಾರು ನೇಮಿಸುತ್ತಾರೆ? ಯಾವುದಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದಿಟ್ಟಿದ್ದಾರಾ? ತಪ್ಪಾದರೆ ಆಮೇಲೆ ಅದನ್ನು ಬೆರಳಿಟ್ಟು ತೋರಿಸಲು ಆಗುತ್ತದಾ? ಇಷ್ಟು ಕೇಳಿಯೇ ಒಳಗೆ ಬಿಡಬೇಕು. ಈ ಪರೀಕ್ಷೆಯಲ್ಲಿ ಫೇಲಾಗುವ ಆಟಗಳಿವೆ. ಎಲ್ಲಕ್ಕಿಂತ ಕೆಟ್ಟದಾಗಿ ಫೇಲಾದ ಆಟ ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಸೈಕ್ಲೋಕ್ರಾಸ್ ನೋಡಿರದ ಓದುಗರಿಗಾಗಿ ಒಂದಿಷ್ಟು ಹೇಳಬೇಕು. ನೋಡಲು ರೋಡ್ ಸೈಕಲ್ಲಿನಂತೆಯೇ ಇರುವ, ಬಾಗಿದ ಹ್ಯಾಂಡಲ್‌ನ ಸೈಕಲ್. ಟೈರ್ ಮಾತ್ರ ಸ್ವಲ್ಪ ದಪ್ಪ, ಹಲ್ಲು ಹಲ್ಲಾಗಿರುತ್ತದೆ. ಯುಸಿಐ, ಅಂದರೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ನಡೆಸುವ ರೇಸ್‌ಗಳಲ್ಲಿ ಟೈರ್ 33 ಮಿಲಿಮೀಟರ್‌ಗಿಂತ ಅಗಲ ಇರುವಂತಿಲ್ಲ. ಒಂದು ಸುತ್ತು ಎರಡೂವರೆಯಿಂದ ಮೂರೂವರೆ ಕಿಲೋಮೀಟರ್. ಹುಲ್ಲು, ಕೆಸರು, ಮರಳು, ಮೆಟ್ಟಿಲು, ಕಡಿದಾದ ದಿಬ್ಬ ಎಲ್ಲವೂ ಅದರೊಳಗೇ. 40 ಸೆಂಟಿಮೀಟರ್‌ವರೆಗಿನ ಎತ್ತರದ ಹಲಗೆಗಳನ್ನು ದಾರಿಗೆ ಅಡ್ಡ ನಿಲ್ಲಿಸಿರುತ್ತಾರೆ. ಪಳಗಿದವರು ಸೈಕಲ್ ಮೇಲೆ ಕುಳಿತೇ ಹಾರುತ್ತಾರೆ. ಉಳಿದವರು ಇಳಿದು, ಸೈಕಲನ್ನು ಹೆಗಲಿಗೇರಿಸಿ ಓಡುತ್ತಾರೆ. ದೊಡ್ಡವರ ರೇಸ್ ಸುಮಾರು ಒಂದು ಗಂಟೆ. ಹವ್ಯಾಸಿಗಳದ್ದು 30ರಿಂದ 45 ನಿಮಿಷ. ಆ ಮುಕ್ಕಾಲು ಗಂಟೆಯಲ್ಲಿ ಎದೆ ಬಡಿತ ಕೆಳಗೆ ಇಳಿಯುವುದೇ ಇಲ್ಲ.

ಇದು ಫ್ರಾನ್ಸಿನಲ್ಲಿ ಹುಟ್ಟಿದ ಆಟ. 1902ರಲ್ಲಿ ಅಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯಿತು. ಸೈನಿಕನಾಗಿದ್ದ ಡೇನಿಯಲ್ ಗೂಸೋ ಎಂಬಾತ ಅದರ ಹಿಂದೆ ಇದ್ದ. 1910ರ ಟೂರ್ ಡಿ ಫ್ರಾನ್ಸ್ ಗೆದ್ದ ಆಕ್ಟೇವ್ ಲಾಪೀಝ್ ತನ್ನ ಗೆಲುವಿಗೆ ಚಳಿಗಾಲದ ಕೆಸರಿನ ಓಟವೇ ಕಾರಣ ಎಂದ ಮೇಲೆ ಜನ ಇತ್ತ ತಿರುಗಿ ನೋಡಿದರು. ಮೊದಲ ವಿಶ್ವ ಚಾಂಪಿಯನ್‌ಶಿಪ್ 1950ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು. ಗೆದ್ದವರು ಟೂರ್ ವಿಜೇತ ಜೀನ್ ರೋಬಿಕ್. ಹೆಂಗಸರಿಗೆ ವಿಶ್ವ ಚಾಂಪಿಯನ್‌ಶಿಪ್ ಶುರುವಾಗಿದ್ದು ಮಾತ್ರ 2000ದಲ್ಲಿ. ಅರ್ಧ ಶತಮಾನ ತಡ. ಇದಕ್ಕೆ ಯಾವ ಗಡಿಯಾರವೂ ಕಾರಣವಲ್ಲ ಬಿಡಿ.

ಈಗ ನಿಮ್ಮ ರೇಸನ್ನೇ ಬಿಡಿಸಿ ನೋಡೋಣ. ಸ್ಟಾರ್ಟ್ ಗೆರೆಯಲ್ಲಿ ಯಾರು ಮುಂದಿನ ಸಾಲು, ಯಾರು ಹಿಂದಿನ ಸಾಲು ಎನ್ನುವುದನ್ನು ಹಳೆಯ ಅಂಕಪಟ್ಟಿ ನೋಡಿ ಅಧಿಕಾರಿಗಳು ಕೂಗುತ್ತಾರೆ. ಮೊದಲ ತಿರುವಿನಲ್ಲೇ ದಾರಿ ಕಿರಿದಾಗುವುದರಿಂದ ಹಿಂದಿನ ಸಾಲಿನವರ ಅರ್ಧ ರೇಸ್ ಅಲ್ಲೇ ಹೋಯಿತು. ಎಷ್ಟು ಸುತ್ತು ಓಡಬೇಕು ಎನ್ನುವುದೂ ಮೊದಲೇ ಗೊತ್ತಿರುವುದಿಲ್ಲ. ಮುಂದಿರುವವರ ಮೊದಲ ಒಂದೆರಡು ಸುತ್ತಿನ ಸಮಯ ನೋಡಿ, ನಿಗದಿತ ನಿಮಿಷಕ್ಕೆ ಹೊಂದುವಂತೆ ಲೆಕ್ಕ ಹಾಕಿ ಬೋರ್ಡ್ ತೋರಿಸುತ್ತಾರೆ. ದಾರಿಯ ಅಂಚಿಗೆ ಕಟ್ಟಿದ ಟೇಪ್ ದಾಟಿ ಆಚೆ ಹೋದರೆ ಹೋದ ಜಾಗದಲ್ಲೇ ಒಳಗೆ ಬರಬೇಕು. ಬಂದಿರಾ ಇಲ್ಲವಾ ಎಂದು ನೋಡುವುದು ಒಂದು ಜೊತೆ ಕಣ್ಣು. ಸ್ಪ್ರಿಂಟ್‌ನಲ್ಲಿ ದಾರಿ ತಪ್ಪಿಸಿ ಪಕ್ಕದವರಿಗೆ ಅಡ್ಡ ಬಂದಿರಾ ಎಂದು ಹೇಳುವುದೂ ಕಣ್ಣೇ. ಸೈಕಲ್ ರೇಸ್‌ಗಳಲ್ಲಿ ಟೇಪಿನ ಪಕ್ಕ ಅಧಿಕಾರಿಯಾಗಿ ನಿಂತು ಸಾಕಷ್ಟು ಬೈಸಿಕೊಂಡವನು ನಾನು. ಗಡಿಯಾರದ ಮೇಲೆ ಯಾರೂ ರೇಗುವುದಿಲ್ಲ, ರೇಗುವುದೆಲ್ಲ ನಮ್ಮ ಮೇಲೆ!

ದೊಡ್ಡ ರೇಸ್‌ನ ಕತೆಯೂ ಇದೇ. 2017ರ ಟೂರ್ ಡಿ ಫ್ರಾನ್ಸ್‌ನ ನಾಲ್ಕನೇ ದಿನ, ವಿಟೆಲ್‌ನ ಸ್ಪ್ರಿಂಟ್‌ನಲ್ಲಿ ಮಾರ್ಕ್ ಕ್ಯಾವೆಂಡಿಶ್ ಬೇಲಿಗೆ ಬಡಿದು ಬಿದ್ದರು. ಆಗಿನ ವಿಶ್ವ ಚಾಂಪಿಯನ್ ಪೀಟರ್ ಸಾಗನ್ ಮೊಣಕೈಯಿಂದ ತಳ್ಳಿದರು ಎಂದು ಅಧಿಕಾರಿಗಳು ಅವತ್ತೇ ಅವರನ್ನು ಮನೆಗೆ ಕಳಿಸಿದರು. ಡಿಸೆಂಬರ್‌ನಲ್ಲಿ ಎಲ್ಲ ವಿಡಿಯೊ ನೋಡಿದ ಮೇಲೆ, ಅದು ಬೇಕಂತ ಮಾಡಿದ್ದಲ್ಲ, ಓಟದಲ್ಲಿ ಆಗಿಹೋದ ಘಟನೆ ಎಂದು ಯುಸಿಐ ಒಪ್ಪಿಕೊಂಡಿತು. ಅಷ್ಟರಲ್ಲಿ ಟೂರ್ ಮುಗಿದು ತಿಂಗಳುಗಳೇ ಕಳೆದಿದ್ದವು.

ಗಡಿಯಾರ ಮತ್ತು ಕಣ್ಣಿನ ಜಗಳ ಎಲ್ಲಕ್ಕಿಂತ ಚೆನ್ನಾಗಿ ಕಾಣಿಸುವುದು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ. 100 ಮೀಟರ್ ಫ್ರೀಸ್ಟೈಲ್ ಈಜು. ಅಮೆರಿಕದ ಲಾನ್ಸ್ ಲಾರ್ಸನ್, ಆಸ್ಟ್ರೇಲಿಯಾದ ಜಾನ್ ಡೆವಿಟ್ ಬಹುತೇಕ ಒಟ್ಟಿಗೇ ಗೋಡೆ ಮುಟ್ಟಿದರು. ಮೂವರು ಸ್ಟಾಪ್‌ವಾಚ್ ಹಿಡಿದವರ ಪ್ರಕಾರ ಡೆವಿಟ್ ಸಮಯ 55.2 ಸೆಕೆಂಡ್. ಲಾರ್ಸನ್ ಸಮಯ 55.0, 55.1, 55.1. ಅಂದರೆ ಮೂರೂ ಗಡಿಯಾರ ಲಾರ್ಸನ್ ಕಡೆ. ಆದರೆ ಆಗಿನ ಪದ್ಧತಿಯಲ್ಲಿ ಸ್ಥಾನ ಹೇಳುತ್ತಿದ್ದದ್ದು ಗೋಡೆ ಪಕ್ಕ ನಿಂತ ತೀರ್ಪುಗಾರರು. ಅವರು ಸಮಸಮ ಒಡೆದರು. ಮುಖ್ಯ ತೀರ್ಪುಗಾರರು ಡೆವಿಟ್‌ಗೆ ಚಿನ್ನ ಎಂದರು. ಇಬ್ಬರ ಸಮಯವೂ 55.2 ಎಂದು ದಾಖಲಾಯಿತು. ಲಾರ್ಸನ್ ಸಮಯವನ್ನು ತೀರ್ಪಿಗೆ ತಕ್ಕಂತೆ ಹಿಗ್ಗಿಸಿದ್ದರು ನೋಡಿ. ಈಜುಗಾರರ ಕೈ ತಾಗಿದ ಕೂಡಲೇ ಸಮಯ ನಿಲ್ಲಿಸುವ ಪ್ಯಾಡ್ 1968ರ ಮೆಕ್ಸಿಕೊ ಒಲಿಂಪಿಕ್ಸ್‌ಗೆ ಬಂತು. ಅಂದರೆ ನಾವು ಶುದ್ಧ ಅಳತೆಯ ಆಟ ಎಂದು ನಂಬಿರುವ ಈಜು ಕೂಡ ತೀರಾ ಇತ್ತೀಚಿನವರೆಗೆ ಕಣ್ಣಿನ ತೀರ್ಪಿನ ಆಟವೇ ಆಗಿತ್ತು.

ಅಳತೆ ಸೂಕ್ಷ್ಮವಾದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. 1972ರ ಮ್ಯೂನಿಕ್‌ನಲ್ಲಿ 400 ಮೀಟರ್ ಮೆಡ್ಲೆ ಚಿನ್ನವನ್ನು ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಗೆದ್ದದ್ದು ಸೆಕೆಂಡಿನ ಸಾವಿರದ ಎರಡು ಭಾಗದಲ್ಲಿ. ಆಮೇಲೆ ತಿಳಿದವರು ಲೆಕ್ಕ ಹಾಕಿದರು. ಈಜುಕೊಳದ ಒಂದೊಂದು ಲೇನಿನ ಉದ್ದದಲ್ಲೇ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇರುತ್ತದೆ. ಅಷ್ಟು ಕರಾರುವಾಕ್ಕಾಗಿ ಯಾವ ಮೇಸ್ತ್ರಿಯೂ ಗೋಡೆ ಕಟ್ಟಲಾರ. ಅದಾದ ಮೇಲೆ ಈಜಿನಲ್ಲಿ ಸೆಕೆಂಡಿನ ನೂರನೇ ಭಾಗಕ್ಕೇ ನಿಲ್ಲಿಸುತ್ತಾರೆ. ಅದೂ ಸಮವಾದರೆ ಇಬ್ಬರಿಗೂ ಪದಕ.

ನಮ್ಮ ಕರಾವಳಿಯ ಕಂಬಳದಲ್ಲಿ ಗಡಿಯಾರ, ಕಣ್ಣು ಎರಡೂ ಒಂದೇ ಗದ್ದೆಯಲ್ಲಿ ಸಿಗುತ್ತವೆ. ಹಗ್ಗ, ನೇಗಿಲು ವಿಭಾಗಗಳಲ್ಲಿ ಈಗ ಲೇಸರ್ ಕಿರಣ ಹಾಕಿ ಸಮಯ ಹಿಡಿಯುತ್ತಾರೆ. ಕನೆಹಲಗೆಯಲ್ಲಿ ಮಾತ್ರ ಕೋಣಗಳು ಎಬ್ಬಿಸಿದ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಿತಾ ಎಂದು ನೋಡುತ್ತಾರೆ. ಯಾರೂ ಕನೆಹಲಗೆಯನ್ನು ಆಟವಲ್ಲ ಅಂದಿಲ್ಲ. ಯಾಕೆಂದರೆ ನಿಶಾನೆ ಎಷ್ಟು ಕೋಲು ಎತ್ತರದಲ್ಲಿದೆ ಎಂದು ನೀರು ಹಾರುವ ಮೊದಲೇ ಎಲ್ಲರಿಗೂ ಗೊತ್ತು. ಇನ್ನು ಗಡಿಯಾರದ ಕತೆ ಕೇಳಿ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಯಾರೋ ಅದನ್ನು 100 ಮೀಟರ್‌ಗೆ ಇಳಿಸಿ 9.55 ಮಾಡಿದರು. ಉಸೇನ್ ಬೋಲ್ಟ್‌ಗಿಂತ ವೇಗ ಎಂದು ದೇಶವೆಲ್ಲ ಕುಣಿಯಿತು. ಕೋಣ ಎಳೆಯುವ ಓಟಕ್ಕೂ ಟ್ರ್ಯಾಕ್ ಓಟಕ್ಕೂ ಹೋಲಿಕೆ ಇಲ್ಲ ಎಂದು ಗೌಡರೇ ಸಮಾಧಾನವಾಗಿ ಹೇಳಬೇಕಾಯಿತು. ಸೈಕ್ಲೋಕ್ರಾಸ್‌ನಲ್ಲಿ ವಿಶ್ವ ದಾಖಲೆಯ ಸಮಯ ಎಂಬುದೇ ಇಲ್ಲದಿರುವುದೂ ಇದಕ್ಕೇ. ಒಂದು ಕೆಸರು ಇನ್ನೊಂದು ಕೆಸರಿನಂತಿಲ್ಲ. ನಿಮ್ಮ ಗಡಿಯಾರ ಹೇಳುವುದು ಅವತ್ತು, ಆ ಹೊಲದಲ್ಲಿ, ಯಾರ ಹಿಂದೆ ಯಾರು ಎನ್ನುವುದನ್ನಷ್ಟೇ.

ಗಡಿಯಾರದ ಆಟಗಳಲ್ಲಿ ಮೋಸ ಕಡಿಮೆ ಎನ್ನುವುದೂ ಪೂರ್ತಿ ನಿಜವಲ್ಲ. 2016ರಲ್ಲಿ ಬೆಲ್ಜಿಯಂನ ಝೋಲ್ಡರ್‌ನಲ್ಲಿ ನಡೆದ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಫೆಮ್ಕೆ ವಾನ್ ಡೆನ್ ಡ್ರೀಶೆ ಅವರ ಸೈಕಲ್ಲಿನ ಒಳಗೆ ಅಡಗಿಸಿದ್ದ ಮೋಟರ್ ಸಿಕ್ಕಿತು. ಆರು ವರ್ಷ ನಿಷೇಧ ಬಿತ್ತು. ಆದರೆ ಇಲ್ಲಿ ಒಂದು ಒಳ್ಳೆಯ ಸಂಗತಿ ಇದೆ. ಮೋಟರನ್ನು ಹೊರಗೆ ತೆಗೆದು ಮೇಜಿನ ಮೇಲೆ ಇಡಬಹುದು. ತೀರ್ಪುಗಾರರ ಮನಸ್ಸಿನ ಒಲವನ್ನು ಹಾಗೆ ಇಡಲು ಆಗುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿ ನಿಜವಾದ ಬಿಸಿ ಇರುವುದು ಇಲ್ಲಿ.

2002ರ ಸಾಲ್ಟ್ ಲೇಕ್ ಸಿಟಿ ನೆನಪಿಸಿಕೊಳ್ಳಿ. ಫಿಗರ್ ಸ್ಕೇಟಿಂಗ್‌ನ ಜೋಡಿ ವಿಭಾಗ. ರಷ್ಯಾದ ಬೆರೆಝ್ನಾಯಾ ಮತ್ತು ಸಿಖರುಲಿಡ್ಝೆ ಜೋಡಿ ಇಳಿಯುವಾಗ ಒಂದು ಕಡೆ ತಡವರಿಸಿತು. ಕೆನಡಾದ ಸಾಲೆ ಮತ್ತು ಪೆಲೆಟಿಯೆ ತಪ್ಪಿಲ್ಲದೆ ಮುಗಿಸಿದರು. ಒಂಬತ್ತು ತೀರ್ಪುಗಾರರಲ್ಲಿ ಐವರು ರಷ್ಯಾ ಕಡೆ, ನಾಲ್ವರು ಕೆನಡಾ ಕಡೆ. ಮರುದಿನವೇ ಫ್ರಾನ್ಸಿನ ತೀರ್ಪುಗಾರ್ತಿ ಮೇರಿ ರೇನ್ ಲ ಗೂನ್ಯ ತಮ್ಮ ಮೇಲೆ ತಮ್ಮ ದೇಶದ ಒಕ್ಕೂಟದ ಒತ್ತಡ ಇತ್ತು ಎಂದ ಮಾತು ಹೊರಬಿತ್ತು. ಆಮೇಲೆ ಅವರು ಅದನ್ನು ಬದಲಿಸಿದರು, ಅದು ಬೇರೆ ಮಾತು. ಕೊನೆಗೆ ಎರಡೂ ಜೋಡಿಗೆ ಚಿನ್ನ ಕೊಟ್ಟರು. ಲ ಗೂನ್ಯ ಮತ್ತು ಅವರ ಒಕ್ಕೂಟದ ಅಧ್ಯಕ್ಷರಿಗೆ ಮೂರು ವರ್ಷ ಅಮಾನತು ಆಯಿತು. ಆರು ಅಂಕದ ಹಳೆಯ ಪದ್ಧತಿಯನ್ನು 2004ರಲ್ಲಿ ಕೈಬಿಟ್ಟರು.

ಹೊಸ ಪದ್ಧತಿ ಬಂದ ರೀತಿ ನೋಡಿದರೆ ನನಗೆ ನಗು ಬರುತ್ತದೆ. ಒಳ್ಳೆಯದೂ ಮಾಡಿದರು, ಕೆಟ್ಟದ್ದೂ ಮಾಡಿದರು. ಒಳ್ಳೆಯದು ಯಾವುದೆಂದರೆ, ಪ್ರತಿ ಜಿಗಿತಕ್ಕೂ ಮೊದಲೇ ಒಂದು ಬೆಲೆ ಕಟ್ಟಿದರು. ಜಿಗಿತದಲ್ಲಿ ಪೂರ್ತಿ ಸುತ್ತು ಬಂತಾ ಎಂದು ವಿಡಿಯೊ ನೋಡಿ ಹೇಳುವವರು ಒಂದು ಗುಂಪು, ಎಷ್ಟು ಚೆನ್ನಾಗಿತ್ತು ಎಂದು ಅಂಕ ಕೊಡುವವರು ಇನ್ನೊಂದು ಗುಂಪು. ಅತಿ ಹೆಚ್ಚು, ಅತಿ ಕಡಿಮೆ ಅಂಕ ಕಿತ್ತು ಹಾಕಿ ಉಳಿದದ್ದರ ಸರಾಸರಿ. ಕೆಟ್ಟದ್ದು ಯಾವುದೆಂದರೆ, ಯಾವ ತೀರ್ಪುಗಾರ ಎಷ್ಟು ಕೊಟ್ಟ ಎನ್ನುವುದನ್ನೇ ಮುಚ್ಚಿಟ್ಟರು. ಹೆಸರು ಗೊತ್ತಾಗದಿದ್ದರೆ ಒತ್ತಡ ಹಾಕುವವರು ಇರುವುದಿಲ್ಲ ಎಂಬ ತರ್ಕ. ಆದರೆ ಒತ್ತಡಕ್ಕೆ ಮಣಿದವರೂ ಅದೇ ಪರದೆಯ ಹಿಂದೆ ಅಡಗಿಕೊಳ್ಳಬಹುದು, ಅಲ್ವಾ? ಆ ಪರದೆ ತೆಗೆಯಲು 2016ರವರೆಗೆ ಕಾಯಬೇಕಾಯಿತು.

ಅಮೆರಿಕದ ಅರ್ಥಶಾಸ್ತ್ರಜ್ಞ ಎರಿಕ್ ಝಿಟ್ಝೆವಿಟ್ಝ್ 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ಈ ಇಡೀ ವಿಷಯದ ಬೀಗದ ಕೈ ಅನಿಸುತ್ತದೆ. ಅವರು ಫಿಗರ್ ಸ್ಕೇಟಿಂಗ್ ಮತ್ತು ಸ್ಕೀ ಜಂಪಿಂಗ್ ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಸ್ಕೀ ಜಂಪಿಂಗ್‌ನಲ್ಲಿ ದೂರವನ್ನು ಅಳೆಯುತ್ತಾರೆ, ಅದರ ಜೊತೆ ಹಾರಿದ ಚಂದಕ್ಕೂ ಐವರು ಅಂಕ ಕೊಡುತ್ತಾರೆ. ಎರಡೂ ಆಟಗಳಲ್ಲಿ ತೀರ್ಪುಗಾರರು ತಮ್ಮ ದೇಶದವರ ಕಡೆ ವಾಲುತ್ತಾರೆ. ಆದರೆ ಸ್ಕೇಟಿಂಗ್‌ನಲ್ಲಿ ಒಬ್ಬರು ವಾಲಿದರೆ ಉಳಿದವರೂ ಅದೇ ಕಡೆ ವಾಲುತ್ತಿದ್ದರು. ನೀನು ನನಗೆ, ನಾನು ನಿನಗೆ ಎಂಬ ಲೆಕ್ಕ. ಸ್ಕೀ ಜಂಪಿಂಗ್‌ನಲ್ಲಿ ಒಬ್ಬರು ವಾಲಿದರೆ ಉಳಿದವರು ಎದುರು ಕಡೆ ವಾಲಿ ಸರಿದೂಗಿಸುತ್ತಿದ್ದರು. ಮನುಷ್ಯರು ಎರಡೂ ಕಡೆ ಅವರೇ. ವ್ಯತ್ಯಾಸ ನೇಮಕದಲ್ಲಿ. ಸ್ಕೇಟಿಂಗ್ ತೀರ್ಪುಗಾರರನ್ನು ಆರಿಸಿ ಕಳಿಸುತ್ತಿದ್ದದ್ದು ಆಯಾ ದೇಶದ ಒಕ್ಕೂಟ. ಸ್ಕೀ ಜಂಪಿಂಗ್ ತೀರ್ಪುಗಾರರನ್ನು ಆರಿಸುತ್ತಿದ್ದದ್ದು ಅಂತರರಾಷ್ಟ್ರೀಯ ಸಂಸ್ಥೆ. ಕಳಿಸಿದವರ ಋಣ ತೀರಿಸುವುದು ಮನುಷ್ಯ ಸ್ವಭಾವ. ಹಾಗಾಗಿ ಅಂಕದ ಆಟಗಳನ್ನು ಹೊರಗೆ ಹಾಕಿ ಎನ್ನುವವರಿಗೆ ನಾನು ಕೇಳುವುದು ಇಷ್ಟೇ: ತೀರ್ಪುಗಾರರ ಸಂಬಳ, ಟಿಕೆಟ್, ಮುಂದಿನ ನೇಮಕ ಯಾರ ಕೈಯಲ್ಲಿದೆ ಎಂದು ಮೊದಲು ನೋಡಿದ್ದೀರಾ?

ಈಗ ನಾನು ಆಗ ಹೇಳಿದ ಆಟ, ಬಾಕ್ಸಿಂಗ್. ನಾಕ್‌ಔಟ್ ಆದರೆ ತಕರಾರಿಲ್ಲ. ಆಗದಿದ್ದರೆ ರಿಂಗ್ ಸುತ್ತ ಕುಳಿತವರ ಅನಿಸಿಕೆಯೇ ಕೊನೆ. 1988ರ ಸೋಲ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ ಹೊಡೆದ ಪಂಚ್ 86, ಕೊರಿಯಾದ ಪಾರ್ಕ್ ಸಿ ಹುನ್ ಹೊಡೆದದ್ದು 32. ತೀರ್ಪು 3–2, ಪಾರ್ಕ್ ಕಡೆಗೆ. ಆ ಚಿನ್ನ ಪಾರ್ಕ್ ಅವರಿಗೂ ಸುಖ ಕೊಡಲಿಲ್ಲ. 2023ರಲ್ಲಿ ಅವರೇ ಅಮೆರಿಕಕ್ಕೆ ಹೋಗಿ ಆ ಪದಕವನ್ನು ಜೋನ್ಸ್ ಕೈಗೆ ಕೊಟ್ಟು ಬಂದರು. ನಮ್ಮ ಮಣಿಪುರದ ಸರಿತಾ ದೇವಿಯದ್ದು ಇನ್ನೂ ಹತ್ತಿರದ ನೋವು. 2014ರ ಇಂಚಾನ್ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಆತಿಥೇಯ ಕೊರಿಯಾದ ಪಾರ್ಕ್ ಜಿ ನಾ ಎದುರು ಅವರು ಮೇಲುಗೈ ಸಾಧಿಸಿದ್ದು ನೋಡಿದವರಿಗೆಲ್ಲ ಕಂಡಿತ್ತು. ತೀರ್ಪು ಕೊರಿಯಾ ಕಡೆ ಹೋಯಿತು. ಪ್ರತಿಭಟನೆ ಸಲ್ಲಿಸಿದರೆ, ತೀರ್ಪುಗಾರರ ನಿರ್ಧಾರವನ್ನು ಪ್ರಶ್ನಿಸಲು ನಿಯಮದಲ್ಲೇ ಜಾಗ ಇಲ್ಲ ಎಂದರು. ಸರಿತಾ ಪದಕ ವೇದಿಕೆಯಲ್ಲಿ ಅಳುತ್ತಾ ತಮ್ಮ ಕಂಚನ್ನು ಎದುರಾಳಿಯ ಕೊರಳಿಗೆ ಹಾಕಿದರು. ಅದಕ್ಕೆ ಒಂದು ವರ್ಷ ನಿಷೇಧ ಅನುಭವಿಸಿದರು. ತಪ್ಪು ತೀರ್ಪು ಕೊಟ್ಟವರ ಬಗ್ಗೆ ಕೇಳುವ ದಾರಿ ಇರಲಿಲ್ಲ, ಅತ್ತವರಿಗೆ ಶಿಕ್ಷೆ ಮಾತ್ರ ಇತ್ತು. ಇಂಥ ಆಟವನ್ನು ನಾನು ಸಮರ್ಥಿಸಲಾರೆ. ಅಂಥ ನಿಯಮ ಇರುವವರೆಗೆ ಹೊರಗಿಡಿ ಅಂದರೆ ನಾನೂ ಕೈ ಎತ್ತುತ್ತೇನೆ.

ಜಿಮ್ನಾಸ್ಟಿಕ್ಸ್‌ನಲ್ಲಿ ತಪ್ಪು ಆಗುವುದಿಲ್ಲವೇ? ಆಗುತ್ತದೆ. ಆದರೆ ಅಲ್ಲಿ ತಪ್ಪು ಸಿಕ್ಕಿಬೀಳುತ್ತದೆ. 2004ರ ಅಥೆನ್ಸ್‌ನಲ್ಲಿ ಕೊರಿಯಾದ ಯಾಂಗ್ ಟೇ ಯಂಗ್ ಅವರ ಪ್ಯಾರಲಲ್ ಬಾರ್ ಕಸರತ್ತಿಗೆ ಆರಂಭಿಕ ಬೆಲೆ, ಅಂದರೆ ತಪ್ಪುಗಳಿಗೆ ಕಳೆಯುವ ಮೊದಲಿನ ಅಂಕ, 10.0 ಸಿಗಬೇಕಿತ್ತು. 9.9 ಎಂದು ಬರೆದುಬಿಟ್ಟರು. ಅವರು ಕಂಚಿಗೆ ಇಳಿದರು. ಚಿನ್ನ ಗೆದ್ದ ಪಾಲ್ ಹ್ಯಾಮ್‌ಗೂ ಅವರಿಗೂ ಇದ್ದ ಅಂತರ 0.049 ಮಾತ್ರ. ಎಲ್ಲಿ ತಪ್ಪಾಯಿತು, ಎಷ್ಟು ತಪ್ಪಾಯಿತು ಎಂದು ಪಕ್ಕಾ ಗೊತ್ತಾಯಿತು. ಮೂವರು ಅಧಿಕಾರಿಗಳು ಅಮಾನತಾದರು. ದೂರು ತಡವಾಯಿತು ಎಂದು ಪದಕ ಮಾತ್ರ ಬದಲಾಗಲಿಲ್ಲ. ಅದು ಅನ್ಯಾಯವೇ, ಆದರೆ ಹೆಸರಿಟ್ಟು ಕರೆಯಬಹುದಾದ ಅನ್ಯಾಯ. ಎರಡು ವರ್ಷದಲ್ಲಿ ಹತ್ತು ಅಂಕದ ಪದ್ಧತಿಯೇ ಹೋಗಿ, ಕಷ್ಟಕ್ಕೆ ಒಂದು ಅಂಕ, ಮಾಡಿದ ಶುದ್ಧತೆಗೆ ಇನ್ನೊಂದು ಅಂಕ ಎಂದಾಯಿತು.

ದೀಪಾ ಕರ್ಮಾಕರ್ 2016ರ ರಿಯೊದಲ್ಲಿ 15.066 ಪಡೆದು ನಾಲ್ಕನೆಯವರಾದಾಗ ನಮಗೆಲ್ಲ ಬೇಜಾರಾಯಿತು. ಕಂಚಿಗೆ ಬೇಕಿದ್ದದ್ದು 0.150 ಜಾಸ್ತಿ. ಆದರೆ ಯಾರೂ ಮೋಸ ಎಂದು ಕೂಗಲಿಲ್ಲ, ಗಮನಿಸಿದಿರಾ? ಪ್ರೊಡುನೋವಾ ವಾಲ್ಟ್‌ಗೆ ಕಷ್ಟದ ಬೆಲೆ 7.0 ಎಂದು ಮೊದಲೇ ಗೊತ್ತಿತ್ತು. ಇಳಿಯುವಾಗ ಕುಸಿದು ನೆಲಕ್ಕೆ ಹತ್ತಿರವಾದದ್ದು ಕಣ್ಣೆದುರೇ ಇತ್ತು. ಶುದ್ಧತೆಗೆ 8.266 ಬಂತು. ಸೋಲು ಎಲ್ಲಿ ಆಯಿತು ಎಂದು ದೀಪಾ ಅವರಿಗೇ ಗೊತ್ತಿತ್ತು. ಒಬ್ಬ ಆಟಗಾರ್ತಿಗೆ ಒಂದು ಆಟ ಕೊಡಬೇಕಾದ ಕನಿಷ್ಠ ಮರ್ಯಾದೆ ಅದು.

2024ರ ಪ್ಯಾರಿಸ್‌ನಲ್ಲಿ ಇನ್ನೊಂದು ತಮಾಷೆ ನಡೆಯಿತು. ಫ್ಲೋರ್ ಫೈನಲ್‌ನಲ್ಲಿ ಅಮೆರಿಕದ ಜೋರ್ಡನ್ ಚೈಲ್ಸ್‌ಗೆ 13.666 ಬಂತು. ಕೋಚ್ ಪ್ರಶ್ನಿಸಿದ ಮೇಲೆ ಅದು 13.766 ಆಗಿ ಕಂಚು ಸಿಕ್ಕಿತು. ಪ್ರಶ್ನಿಸಲು ಅವರಿಗೆ ಒಂದು ನಿಮಿಷ ಇತ್ತು. ಕೋಚ್ ನಾಲ್ಕು ಸೆಕೆಂಡ್ ತಡ ಮಾಡಿದರು ಎಂದು ಕ್ರೀಡಾ ನ್ಯಾಯಮಂಡಳಿ ಹೇಳಿತು. ಪದಕ 13.700 ಪಡೆದಿದ್ದ ರೊಮೇನಿಯಾದ ಅನಾ ಬಾರ್ಬೊಸುಗೆ ಹೋಯಿತು. ಚೈಲ್ಸ್ ಸ್ವಿಟ್ಜರ್ಲೆಂಡ್‌ನ ಕೋರ್ಟಿಗೂ ಹೋದರು. ಕಣ್ಣಿನ ಆಟ ಎಂದು ನೀವು ಹಳಿಯುವ ಆಟದಲ್ಲಿ ಪದಕದ ಜಗಳ ನಿಂತದ್ದು ಗಡಿಯಾರದ ಮುಂದೆ!

ಇನ್ನು ಸೈಕ್ಲಿಂಗ್ ಮನೆಯೊಳಗೇ ಬನ್ನಿ. ಬಿಎಂಎಕ್ಸ್ ಫ್ರೀಸ್ಟೈಲ್ ಟೋಕಿಯೊದಿಂದ ಒಲಿಂಪಿಕ್ಸ್‌ನಲ್ಲಿದೆ. ಅಲ್ಲಿ ಗಾಳಿಯಲ್ಲಿ ಪಲ್ಟಿ ಹೊಡೆಯುವ ಸೈಕಲ್ ಸವಾರರಿಗೆ ತೀರ್ಪುಗಾರರು ಅಂಕ ಕೊಡುತ್ತಾರೆ. ನಡೆಸುವುದು ನಿಮ್ಮದೇ ಯುಸಿಐ. ಅದಕ್ಕಿಂತ ಹಳೆಯದು ಒಳಾಂಗಣದ ಕಲಾತ್ಮಕ ಸೈಕ್ಲಿಂಗ್. 1950ರ ದಶಕದಿಂದಲೇ ಅದಕ್ಕೆ ವಿಶ್ವ ಚಾಂಪಿಯನ್‌ಶಿಪ್ ಇದೆ. ಸವಾರರು ಹ್ಯಾಂಡಲ್ ಮೇಲೆ ನಿಲ್ಲುತ್ತಾರೆ, ಒಂದೇ ಚಕ್ರದಲ್ಲಿ ಸುತ್ತುತ್ತಾರೆ. ಯಾವ ಯಾವ ಕಸರತ್ತು ಮಾಡುತ್ತೇನೆ ಎಂದು ಮೊದಲೇ ಪಟ್ಟಿ ಕೊಡಬೇಕು. ಪಟ್ಟಿಯ ಅಂಕ ಕೈಯಲ್ಲಿ ಹಿಡಿದೇ ಶುರು ಮಾಡುತ್ತಾರೆ, ತಪ್ಪಾದಷ್ಟು ಕಳೆಯುತ್ತಾ ಹೋಗುತ್ತಾರೆ. ನನ್ನ ಪರೀಕ್ಷೆಯಲ್ಲಿ ಈ ಆಟಕ್ಕೆ ಫ್ರೀಸ್ಟೈಲ್‌ಗಿಂತ ಜಾಸ್ತಿ ಮಾರ್ಕ್ಸ್. ಆದರೆ ಒಲಿಂಪಿಕ್ಸ್‌ನಲ್ಲಿ ಇರುವುದು ಫ್ರೀಸ್ಟೈಲ್. ಟಿವಿಯಲ್ಲಿ ಅದು ಚೆನ್ನಾಗಿ ಕಾಣುತ್ತದಲ್ಲ!

ಬ್ರೇಕ್‌ಡಾನ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ಯಾರಿಸ್‌ಗೆ ಬಂತು, 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲಿ ಇಲ್ಲ. ಆಸ್ಟ್ರೇಲಿಯಾದ ಸ್ಪರ್ಧಿಯ ವಿಡಿಯೊ ನೋಡಿ ನಕ್ಕವರು ಅದಕ್ಕೇ ತೆಗೆದರು ಅಂದುಕೊಂಡಿದ್ದಾರೆ. ಆ ಪಟ್ಟಿ ತೀರ್ಮಾನವಾದದ್ದು ಪ್ಯಾರಿಸ್‌ಗೂ ಮೊದಲೇ.

ಹಾಗಾದರೆ ಸೈಕ್ಲೋಕ್ರಾಸ್‌ಗೆ ಯಾಕೆ ಜಾಗ ಇಲ್ಲ? ಫಿಗರ್ ಸ್ಕೇಟಿಂಗ್ ಅದರ ಜಾಗ ಕಸಿದಿಲ್ಲ. ಸ್ಕೇಟಿಂಗ್ 1908ರಿಂದ, ಡೈವಿಂಗ್ 1904ರಿಂದ, ಜಿಮ್ನಾಸ್ಟಿಕ್ಸ್ 1896ರ ಮೊದಲ ಕೂಟದಿಂದಲೇ ಒಲಿಂಪಿಕ್ಸ್‌ನಲ್ಲಿವೆ. ಅವು ಹಳೆಯ ಬಾಡಿಗೆದಾರರಲ್ಲ, ಮನೆಯವರೇ. ನಿಮ್ಮ ಆಟಕ್ಕೆ ಅಡ್ಡ ನಿಂತಿರುವುದು ಒಲಿಂಪಿಕ್ ಚಾರ್ಟರ್‌ನ ಒಂದು ಸಾಲು. ಚಳಿಗಾಲದ ಕೂಟದಲ್ಲಿ ಹಿಮ ಅಥವಾ ಮಂಜುಗಡ್ಡೆಯ ಮೇಲೆ ಆಡುವ ಆಟಗಳಿಗಷ್ಟೇ ಜಾಗ. ಸೈಕ್ಲೋಕ್ರಾಸ್ ನಡೆಯುವುದು ಚಳಿಗಾಲದಲ್ಲಿ, ಆದರೆ ಕೆಸರಿನ ಮೇಲೆ. ಬೇಸಗೆ ಕೂಟಕ್ಕೆ ತರೋಣ ಅಂದರೆ ಆಗ ಅದರ ಋತುವೇ ಅಲ್ಲ. ಈ ಬೇಲಿ ಹಾರಲು ಯುಸಿಐ 2021ರ ಡಿಸೆಂಬರ್‌ನಲ್ಲಿ ಇಟಲಿಯ ವಾಲ್ ಡಿ ಸೋಲೆಯಲ್ಲಿ ಹಿಮದ ಮೇಲೆ ವಿಶ್ವಕಪ್ ರೇಸ್ ನಡೆಸಿತು. ವೌಟ್ ವಾನ್ ಆರ್ಟ್ ಗೆದ್ದರು. ನೋಡಲು ಸೊಗಸಾಗಿತ್ತು, ಆದರೆ ಅದು ನಿಮ್ಮ ಭಾನುವಾರದ ಆಟವಾಗಿರಲಿಲ್ಲ. 2030ರ ಫ್ರೆಂಚ್ ಆಲ್ಪ್ಸ್ ಕೂಟಕ್ಕೆ ಸೇರಿಸಿ ಎಂದು ಯುಸಿಐ ಅಧ್ಯಕ್ಷ ಡೇವಿಡ್ ಲಾಪಾರ್ಟಿಯಾಂ ಒತ್ತಾಯಿಸುತ್ತಾ ಬಂದರು. ಚಳಿಗಾಲದ ಆಟಗಳ ಒಕ್ಕೂಟಗಳು ಒಟ್ಟಾಗಿ ಬೇಡ ಎಂದವು.

ಇನ್ನೊಂದು ಕಾರಣವನ್ನು ಸೈಕ್ಲೋಕ್ರಾಸ್ ಅಭಿಮಾನಿಗಳು ಹೇಳಲು ಇಷ್ಟಪಡುವುದಿಲ್ಲ. ಇದು ಎರಡು ಚಿಕ್ಕ ದೇಶಗಳ ಮನೆ ಆಟ. 2012ರಲ್ಲಿ ಕೋಕ್‌ಸೈಡೆಯಲ್ಲಿ ಗಂಡಸರ ಮೂರೂ ಪದಕ ಬೆಲ್ಜಿಯಂಗೆ ಹೋದವು. 2020 ಮತ್ತು 2021ರಲ್ಲಿ ಹೆಂಗಸರ ಮೂರೂ ಪದಕ ನೆದರ್ಲೆಂಡ್ಸ್‌ಗೆ ಹೋದವು. ಮರಿಯಾನೆ ವೋಸ್ ಒಬ್ಬರೇ 8 ಸಲ ವಿಶ್ವ ಚಾಂಪಿಯನ್. ಮ್ಯಾಥ್ಯೂ ವಾನ್ ಡರ್ ಪೂಲ್ 2025ರಲ್ಲಿ ಏಳನೇ ಸಲ ಗೆದ್ದು ಎರಿಕ್ ಡಿ ವ್ಲೆಮಿಂಕ್ ಅವರ ಹಳೆಯ ದಾಖಲೆ ಮುಟ್ಟಿದರು. ವಿಶ್ವ ಚಾಂಪಿಯನ್‌ಶಿಪ್ ಮೊದಲ ಸಲ ಯುರೋಪ್ ಬಿಟ್ಟು ಹೊರಗೆ ಹೋದದ್ದೇ 2013ರಲ್ಲಿ, ಅಮೆರಿಕದ ಲೂಯಿವಿಲ್‌ಗೆ. ಗಡಿಯಾರ ಎಷ್ಟೇ ಪ್ರಾಮಾಣಿಕವಾಗಿರಲಿ, ಓಡುವವರು ಬೆರಳೆಣಿಕೆಯ ದೇಶದವರಾದರೆ ಅಂತರರಾಷ್ಟ್ರೀಯ ಎನ್ನುವುದಕ್ಕೆ ತೂಕ ಬರುವುದಿಲ್ಲ.

ಇದೇ ಮಾತನ್ನು ನಿಮ್ಮ ಅಕ್ಕನ ಮಗಳಿಗೂ ಹೇಳಬೇಕು. ಭಾರತ ಸರ್ಕಾರ 2020ರ ಡಿಸೆಂಬರ್‌ನಲ್ಲಿ ಯೋಗಾಸನವನ್ನು ಸ್ಪರ್ಧಾತ್ಮಕ ಕ್ರೀಡೆ ಎಂದು ಗುರುತಿಸಿತು. 2026ರ ಐಚಿ–ನಗೋಯಾ ಏಷ್ಯನ್ ಗೇಮ್ಸ್‌ಗೆ ಅದನ್ನು ಪ್ರದರ್ಶನ ಕ್ರೀಡೆಯಾಗಿ ಒಪ್ಪಿದ್ದಾರೆ. ಅವಳು ಮಾಡುವುದು ಆಟವಾ ಎಂದು ನೀವು ಕೇಳಬೇಡಿ. ಒಂದು ಆಸನದಲ್ಲಿ ಅಲ್ಲಾಡದೆ ನಿಲ್ಲಲು ಬೇಕಾದ ಬಲ ನಿಮ್ಮ ಹಲಗೆ ಹಾರುವ ಬಲಕ್ಕಿಂತ ಕಡಿಮೆಯಲ್ಲ. ಅದರ ಬದಲು ಹೀಗೆ ಕೇಳಿ: ಯಾವ ಆಸನಕ್ಕೆ ಎಷ್ಟು ಅಂಕ ಎಂಬ ಪಟ್ಟಿ ಅವಳ ಕೈಯಲ್ಲಿದೆಯಾ? ಸ್ಪರ್ಧೆ ಮುಗಿದ ಮೇಲೆ ತನ್ನ ಅಂಕದ ವಿವರ ಅವಳಿಗೆ ಸಿಗುತ್ತದಾ? ಮೇಜಿನ ಹಿಂದೆ ಕುಳಿತವರಲ್ಲಿ ಅವಳ ಎದುರಾಳಿಯ ಗುರುಗಳು ಇದ್ದಾರಾ? ಮೊದಲ ಎರಡಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಎಂದರೆ ಜಗಳ ಬಿಡಿ. ಉತ್ತರ ತಿರುವುಮುರುವಾದರೆ ಅವಳ ಪರವಾಗಿ ನೀವೇ ಜಗಳ ಮಾಡಿ.

ಕೊನೆಗೆ ನಿಮ್ಮ ದೂರು. ಯುಸಿಐ ನಿಯಮದಲ್ಲಿ ಶೇಕಡಾ 80ರ ಲೆಕ್ಕ ಇದೆ. ಮುಂದಾಳು ಮೊದಲ ಸುತ್ತಿಗೆ 7 ನಿಮಿಷ ತೆಗೆದುಕೊಂಡರೆ ಅದರ ಶೇ. 80 ಎಂದರೆ 5 ನಿಮಿಷ 36 ಸೆಕೆಂಡ್. ಅಷ್ಟು ಹಿಂದೆ ಬಿದ್ದವರನ್ನು, ಮುಂದಾಳು ಬಂದು ದಾಟುವ ಮೊದಲೇ ಹೊರಗೆ ಕಳಿಸುತ್ತಾರೆ. ಕಿರಿದಾದ ಕೆಸರು ದಾರಿಯಲ್ಲಿ ಗೆಲುವಿಗೆ ಸೆಣಸುವವರ ಎದುರು ಸುಸ್ತಾದವರು ಅಡ್ಡ ಬೀಳಬಾರದು ಎನ್ನುವುದಷ್ಟೇ ಉದ್ದೇಶ. ನಿಮ್ಮ ಕಾಲಿನ ಕಸುವಿಗೂ ಅದಕ್ಕೂ ಸಂಬಂಧ ಇಲ್ಲ. ಹಾಗೆ ಹೊರಗೆ ಹೋದವರ ಸ್ಥಾನ ಹೋಗುವುದಿಲ್ಲ. ಎಷ್ಟು ಸುತ್ತು ಕಡಿಮೆ ಎಂದು ನಮೂದಿಸಿ ಆಗಿನ ಸ್ಥಾನವನ್ನೇ ಫಲಿತಾಂಶದಲ್ಲಿ ಹಾಕುತ್ತಾರೆ. ಹವ್ಯಾಸಿ ರೇಸ್‌ಗಳಲ್ಲಿ ಎಷ್ಟೋ ಕಡೆ ಈ ನಿಯಮವನ್ನು ಬಳಸುವುದಿಲ್ಲ, ಸುತ್ತು ಹಿಂದೆ ಬಿದ್ದವರನ್ನೂ ಓಡಲು ಬಿಡುತ್ತಾರೆ. ಹಾಗಾಗಿ ನಿಮ್ಮ ರೇಸ್‌ನ ಸೂಚನೆಯಲ್ಲಿ ಏನಿತ್ತು ಎಂದು ಓದಿ. ಅದರಲ್ಲಿ ಈ ನಿಯಮ ಇದ್ದರೆ ನಿಮ್ಮನ್ನು ತೆಗೆದದ್ದು ಸರಿ. ಇಲ್ಲದಿದ್ದರೆ ಕೇಳುವ ಹಕ್ಕು ನಿಮಗಿದೆ. ಆದರೆ ಫಲಿತಾಂಶದ ಹಾಳೆ ಅಂಟಿಸಿದ ಕೂಡಲೇ ಕೇಳಬೇಕು, ಮನೆಗೆ ಹೋಗಿ ಸೈಕಲ್ ತೊಳೆದ ಮೇಲಲ್ಲ.

ಹೊರಗೆ ಬೀಳದಿರಲು ಎರಡು ಮಾತು. ಹವ್ಯಾಸಿಗಳಲ್ಲಿ ಬಹಳ ಜನ ಟೈರಿಗೆ ಗಾಳಿ ಜಾಸ್ತಿ ಹೊಡೆಸುತ್ತಾರೆ. ಟ್ಯೂಬ್‌ಲೆಸ್ ಆಗಿದ್ದರೆ ಕೆಸರಿನ ದಿನ 25 ಪಿಎಸ್‌ಐ ಆಸುಪಾಸಿನಿಂದ ಶುರು ಮಾಡಿ, ರಿಮ್ ಕಲ್ಲಿಗೆ ಬಡಿಯದಷ್ಟು ಇಳಿಸುತ್ತಾ ನೋಡಿ. ತಿರುವುಗಳಲ್ಲಿ ಹಿಡಿತ ಬರುತ್ತದೆ. ಇನ್ನೊಂದು, ವಾರದ ಮಧ್ಯೆ ಸೈಕಲ್ ಹೆಗಲಿಗೆ ಹಾಕಿಕೊಂಡು ಓಡುವ ಅಭ್ಯಾಸ ಮಾಡಿ. ಕೆಸರು ದಿಬ್ಬದಲ್ಲಿ ಪೆಡಲ್ ತುಳಿದು ಒದ್ದಾಡುವುದಕ್ಕಿಂತ ಇಳಿದು ಓಡುವುದೇ ಬೇಗ. ಸುತ್ತಿಗೆ ಹತ್ತಿಪ್ಪತ್ತು ಸೆಕೆಂಡ್ ಉಳಿದರೂ ಆ ಅಧಿಕಾರಿ ಕೈ ಎತ್ತುವಷ್ಟರಲ್ಲಿ ನೀವು ಅವರನ್ನು ದಾಟಿರುತ್ತೀರಿ.